ಒಡಕು ದನಿಯಲ್ಲಿ ಕೊಟ್ಟ ಭಾಷೆ

ಮೊನ್ನೆ ಲಂಡನ್ನಿನ ಹೌನ್ಸ್ಲೋದ ಅಂಗಡಿಯೊಂದರಲ್ಲಿ ಮೆಂತ್ಯ ಹುಡುಕುತ್ತಿದ್ದೆ. ಕೆಳಗಿನ ಕಪಾಟಿನಲ್ಲಿ ಬಾಯಿ ಬಿಚ್ಚಿಕೊಂಡಿದ್ದ ಪೊಟ್ಟಣದಿಂದ ಜ್ಯೇಷ್ಠಮಧುವಿನ ವಾಸನೆ ಬಂತು. ಸಿಹಿಯಾದರೂ ಮಣ್ಣಿನಂಥ, ಗಂಟಲಿಗೆ ಹೋಗಿ ಅಂಟುವಂಥ ವಾಸನೆ. ಬುಟ್ಟಿ ಕೆಳಗಿಟ್ಟು ಅಲ್ಲೇ ನಿಂತೆ. ಒಂದು ಇಡೀ ಚಳಿಗಾಲ ಆ ಬೇರನ್ನು ಅಗಿಯುತ್ತ ನಾಟಕದ ತಾಲೀಮಿನಲ್ಲಿ ನನ್ನೆದುರು ನಿಂತಿದ್ದವರು ನೆನಪಾದರು…

ಫೆಲ್ಥಮ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಉಡುಪಿ ಕಡೆಯ ಕ್ರೈಸ್ತರು; ಮನೆಯಲ್ಲಿ ಕೊಂಕಣಿ, ಬೆಂಗಳೂರಿನವನಾದ ನನ್ನ ಜೊತೆ ಅವರ ಊರಿನ ಕನ್ನಡ. ನನಗೆ ಅವರು ಅಂಕಲ್, ಅವರ ಹೆಂಡತಿ ಆಂಟಿ. ಅಂಕಲ್‌ಗೆ ಏರ್‌ಪೋರ್ಟಿನಲ್ಲಿ ವಿಮಾನಗಳಿಗೆ ಲಗೇಜು ತುಂಬುವ ಕೆಲಸ. ಎಂಜಿನ್ನಿನ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ದನಿ. ಮಾತು ಮಾತ್ರ ಮೆತ್ತಗೆ.

ಅವರಿಗೆ ನಾಟಕದ ಹುಚ್ಚು. ಊರಿನಲ್ಲಿ ಚರ್ಚಿನ ನಾಟಕಗಳಲ್ಲಿ ವೇಷ ಹಾಕಿದ್ದರಂತೆ. “ರಾಜ ಸತ್ತ ಅಂತ ಓಡಿ ಬಂದು ಹೇಳುವವ ಇರ್ತಾನಲ್ಲ ಮಾರಾಯ, ಅದು ಯಾವಾಗ್ಲೂ ನಾನೇ. ರಾಜ ಮಾತ್ರ ಒಮ್ಮೆಯೂ ಆಗ್ಲಿಲ್ಲ,” ಎಂದು ನಗುತ್ತಿದ್ದರು. ಆ ನಗೆಯಲ್ಲಿ ಎಲ್ಲೋ ಒಂದು ಮುಳ್ಳು ಇದೆ ಅಂತ ನನಗೆ ಆಗಲೇ ಅನಿಸಿತ್ತು.

ನಮ್ಮ ಕನ್ನಡ ಕೂಟದವರು ಆ ವರ್ಷ ಯುರೋಪಿನ ಒಂದು ಹಳೆಯ ದುರಂತ ಕಥೆಯನ್ನು ಕನ್ನಡಕ್ಕೆ ತಂದು ಆಡಲು ಹೊರಟರು. ಓದಿದ್ದೆಲ್ಲ ಸಾಲದೆಂದು ಪಂಡಿತನೊಬ್ಬ ಪಿಶಾಚಿಗೆ ಆತ್ಮವನ್ನೇ ಕೊಟ್ಟು ಶಕ್ತಿ ಪಡೆಯುತ್ತಾನೆ. ಗಡುವು ಮುಗಿದ ದಿನ, ಇನ್ನೊಂದು ಗಳಿಗೆ ಕೊಡು ಎಂದು ಆಕಾಶ ನೋಡಿ ಅಂಗಲಾಚುತ್ತಾನೆ. ಪಂಡಿತನ ಪಾತ್ರ ಅಂಕಲ್‌ಗೆ ಬಂತು. ಪಿಶಾಚಿ ನಾನು. ನಮ್ಮ ನಾಟಕದಲ್ಲಿ ಕಾಗದ ಪತ್ರ ಇರಲಿಲ್ಲ. ಕೈ ಮೇಲೆ ಕೈ ಇಟ್ಟು ಭಾಷೆ ಕೊಡುವುದಿತ್ತು.

ಆಂಟಿಗೆ ಇದು ಸರಿಬರಲಿಲ್ಲ. ದಿನಾ ಚರ್ಚಿನ ಪೂಜೆಗೆ ಹೋಗುವ ಹೆಂಗಸು. “ವೇಷವೇ ಇರ್ಲಿ, ಅಂಥ ಮಾತು ಬಾಯಲ್ಲಿ ಬರ್ಬಾರ್ದು. ನಾನು ನೋಡ್ಲಿಕ್ಕೆ ಬರುದಿಲ್ಲ,” ಎಂದರು. ಬರಲೂ ಇಲ್ಲ.

ಸಟನ್‌ನ ಹಾಲ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಸಮೋಸಾ ತಿನ್ನುತ್ತ ಮಾತಾಡುವ ನಮ್ಮ ಜನ ಅವತ್ತು ಗಪ್‌ಚಿಪ್ ಕೂತಿದ್ದರು. ಯಾರೋ ಕರೆತಂದಿದ್ದ ಇಂಗ್ಲಿಷ್ ನಿರ್ದೇಶಕಿಯೊಬ್ಬಳು ಕೊನೆಗೆ ಅಂಕಲ್ ಕೈ ಹಿಡಿದುಕೊಂಡಳು. ಲಂಡನ್ನಿನ ನಡುಭಾಗದಲ್ಲಿ ಅವಳದೊಂದು ಸಣ್ಣ ಥಿಯೇಟರ್. ವಸಂತದಲ್ಲಿ ಕೆಲವು ವಾರ ಇದನ್ನೇ ಆಡೋಣ, ಕನ್ನಡದಲ್ಲೇ ಇರಲಿ, ಮೇಲೆ ಪರದೆಯಲ್ಲಿ ಇಂಗ್ಲಿಷ್ ಹಾಕೋಣ ಎಂದಳು. ವಾಪಸ್ಸು ಬರುವಾಗ ಅಂಕಲ್ ಟ್ರೇನಿನ ಕಿಟಕಿಯಲ್ಲಿ ಕಂಡ ತಮ್ಮ ಮುಖವನ್ನೇ ನೋಡುತ್ತಿದ್ದರು.

ಚಳಿಗಾಲದಲ್ಲಿ ಆ ಥಿಯೇಟರಿನ ತಾಲೀಮು ಶುರುವಾಗುವ ಹೊತ್ತಿಗೆ ಅವರ ದನಿ ಒಡೆದಿತ್ತು. ಚಳಿಗೆ ಗಂಟಲು ಕಟ್ಟಿದೆ ಎಂದರು. ಜ್ಯೇಷ್ಠಮಧು ಅಗಿದರು, ಶುಂಠಿ ಕಷಾಯ ಕುಡಿದರು. ಒಡಕು ಹೋಗಲಿಲ್ಲ. ವಿಚಿತ್ರವೆಂದರೆ, ಆ ಒಡಕೇ ನಾಟಕಕ್ಕೆ ಒದಗಿ ಬಂತು. ವಸಂತದ ಪ್ರದರ್ಶನಗಳ ಕೊನೆಯ ದೃಶ್ಯದಲ್ಲಿ ಅವರು ಕಾಲಾವಕಾಶ ಬೇಡುವಾಗ ದನಿ ಬಟ್ಟೆ ಹರಿದಂತೆ ಹರಿಯುತ್ತಿತ್ತು. ಕನ್ನಡದ ಗಂಧವಿಲ್ಲದವರೂ ಕಣ್ಣೊರೆಸಿಕೊಂಡರು. ಈ ದನಿ ಎಲ್ಲಿ ಕಲಿತಿರಿ ಎಂದು ಒಬ್ಬ ನಟ ಬಂದು ಕೇಳಿದ. ಅಂಕಲ್ ನಕ್ಕು ಗಂಟಲು ಮುಟ್ಟಿಕೊಂಡರು.

ವಾರಗಳು ಮುಗಿದವು. ನಿರ್ದೇಶಕಿ ಮತ್ತೆ ಬಂದಳು: ಟಿಕೆಟ್ಟಿಗೆ ಜನ ಇನ್ನೂ ಕೇಳುತ್ತಿದ್ದಾರೆ, ಬೇಸಿಗೆಯವರೆಗೂ ಆಡಬಹುದೇ? ನಾವೆಲ್ಲ ಕೆಲಸ, ರಜೆ ಅಂತ ಲೆಕ್ಕ ಹಾಕುತ್ತಿದ್ದೆವು. ಅಂಕಲ್ ಒಂದು ಕ್ಷಣ ಕಣ್ಣು ಮುಚ್ಚಿ, “ಆಗ್ತದೆ,” ಎಂದರು. ಆಮೇಲಿನ ಪ್ರದರ್ಶನಗಳಲ್ಲಿ ಭಾಷೆ ಕೊಡುವಾಗ ಅವರ ಅಂಗೈ ನನ್ನ ಅಂಗೈ ಮೇಲೆ ಸುಡುತ್ತಿತ್ತು. ದೀಪದ ಶಾಖ ಇರಬೇಕು ಅಂದುಕೊಂಡಿದ್ದೆ…

ಬೇಸಿಗೆಯ ಒಂದು ಮಧ್ಯಾಹ್ನ, ಪ್ರದರ್ಶನಕ್ಕೆ ಸಿದ್ಧವಾಗುವಾಗ, ಕೆಮ್ಮಿದ ಕರ್ಚೀಫಿನಲ್ಲಿ ರಕ್ತ ಕಂಡಿತು. ಆ್ಯಂಬುಲೆನ್ಸ್ ಕರೆದೆವು. ವಿಮಾನಗಳಿಗೆ ಊಟ ಕಟ್ಟುವ ಪ್ಯಾಂಟ್ರಿಯ ಕೆಲಸದಿಂದ ಆಂಟಿ ಯೂನಿಫಾರ್ಮಿನಲ್ಲೇ ಆಸ್ಪತ್ರೆಗೆ ಬಂದರು. ಡಾಕ್ಟರು ಆಂಟಿಗೆ ಗೊತ್ತಿರುತ್ತದೆ ಎಂದುಕೊಂಡೇ ಮಾತಾಡಿದರು: ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಚಳಿಗಾಲದಲ್ಲೇ ಪತ್ತೆಯಾಗಿತ್ತು, ಆಗ ಸಣ್ಣದಿತ್ತು, ರೇಡಿಯೇಷನ್ನಿಗೆ ಬಗ್ಗುತ್ತಿತ್ತು, ಇವರೇ ಫೋನ್ ಮಾಡಿ, ಊರಿಗೆ ಹೋಗುವುದಿದೆ, ಬಂದ ಮೇಲೆ ನೋಡೋಣ ಅಂತ ಮುಂದೆ ಹಾಕಿದರು, ಮತ್ತೆ ಮುಂದೆ ಹಾಕಿದರು, ಈಗ ಕುತ್ತಿಗೆಗೆ ಹರಡಿದೆ.

ಆಂಟಿ ಅಳಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. “ನಂಗೆ ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಅಲ್ವಾ ಹೇಳದ್ದು?”

ಅಂಕಲ್ ಹೌದೆಂದು ತಲೆಯಾಡಿಸಿದರು. ಆಂಟಿ ಎದ್ದು, ಅವರ ಕಾಲಿನ ಮೇಲಿದ್ದ ಹೊದಿಕೆ ಸರಿ ಮಾಡಿ, ಹೊರಗೆ ಹೋದರು.

ಆಪರೇಷನ್‌ಗೆ ಮುಂಚೆ ನಾನೊಬ್ಬನೇ ಹೋಗಿದ್ದೆ. ಧ್ವನಿಪೆಟ್ಟಿಗೆ ತೆಗೆದುಬಿಡುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕಿಟಕಿಯಾಚೆ ಬಿಸಿಲಿತ್ತು. ಅವರು ಪಿಸುಗುಟ್ಟಿದರು, ಕೇಳಿಸಲು ನಾನು ಬಗ್ಗಬೇಕಾಯಿತು.

“ರೇಡಿಯೇಷನ್ ಕೊಟ್ರೆ ಸ್ವರ ಹೋದೀತು ಅಂದ್ರು. ಆಮೇಲೆ ಬರ್ತದೆ ಅಂತಲೂ ಹೇಳಿದ್ರು. ಆದ್ರೆ ಆಮೇಲೆ ನಾಟಕ ಎಲ್ಲಿ ಉಂಟು?”

ಅವರ ಮುಖಕ್ಕೆ ಬಿಸಿಲು ಬೀಳುತ್ತಿತ್ತು, ನಾನು ಕಿಟಕಿಯ ಪರದೆ ಎಳೆದೆ.

“ನಾಟಕದಲ್ಲಿ ಆದ್ರೆ ಪಿಶಾಚಿ ಬಂದು ಕೇಳ್ತದೆ. ನನ್ನ ಹತ್ರ ಯಾರೂ ಬಂದು ಕೇಳ್ಲಿಲ್ಲ ಮಾರಾಯ. ನಾನೇ ಹೋಗಿ ಕೊಟ್ಟದ್ದು.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಮೊದಲನೇ ಸಲದ್ದಕ್ಕೆ ನಂಗೆ ಬೇಸರ ಇಲ್ಲ. ಎರಡನೇ ಸಲ ಬೇಡ ಅನ್ಬಹುದಿತ್ತು. ಅಷ್ಟರಲ್ಲಿ ರುಚಿ ಹತ್ತಿತ್ತು.”

ನಾನು ಅವರಿಂದ ಕೇಳಿದ ಕೊನೆಯ ಮಾತು ಅದೇ. ಆಪರೇಷನ್ ಆದ ಮೇಲೆ ಕುತ್ತಿಗೆಯಲ್ಲೊಂದು ತೂತು, ಅದರಲ್ಲಿ ಗಾಳಿಯ ಸದ್ದು. ಏನಾದರೂ ಹೇಳಬೇಕಾದರೆ ತುಟಿಯಾಡಿಸುತ್ತಿದ್ದರು, ಅರ್ಥವಾಗದಿದ್ದರೆ ಕೈಬಿಟ್ಟು ಗೋಡೆಯ ಕಡೆ ತಿರುಗುತ್ತಿದ್ದರು. ಎಲೆ ಉದುರುವ ಹೊತ್ತಿಗೆ ಹೋದರು. ಶವಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟೆ. ಥಿಯೇಟರಿನವರು ಹೂವು ಕಳಿಸಿದ್ದರು. ಆಂಟಿ ಅದನ್ನು ಬೇರೆಯವರ ಹೂವುಗಳ ಜೊತೆಯೇ ಇಟ್ಟರು.

ಅಂಗಡಿಯಿಂದ ಬಂದ ಮಾರನೇ ದಿನ ಆಂಟಿಯ ಮನೆಗೆ ಹೋದೆ. ಚಹಾ ಕೊಟ್ಟರು. ಸಂಬಂಧವಿಲ್ಲದ ಮಾತಿನ ನಡುವೆ, “ಆ ನಾಟಕದ ವಿಡಿಯೋ ನಿಮ್ಮ ಹತ್ರ ಉಂಟಾ?” ಎಂದರು. ಇಷ್ಟು ವರ್ಷ ಕೇಳಿರಲಿಲ್ಲ. ನನ್ನ ಫೋನಿನಲ್ಲಿತ್ತು. ಕೊನೆಯ ದೃಶ್ಯ ಹಾಕಿ ಮೇಜಿನ ಮೇಲೆ ಒರಗಿಸಿಟ್ಟೆ. ಒಡಕು ದನಿ ಅಡುಗೆಮನೆಯನ್ನು ತುಂಬಿತು. ಆಂಟಿ ಕೈ ಕಟ್ಟಿಕೊಂಡು ಪೂರ್ತಿ ನೋಡಿದರು. ಮುಗಿದಾಗ ಸಭಿಕರ ಚಪ್ಪಾಳೆ ಬಂತು. ಅದು ನಿಲ್ಲುವವರೆಗೂ ಕಾದರು.

“ಒಳ್ಳೇದು ಮಾಡಿದ್ದಾರೆ,” ಎಂದರು. ಆಮೇಲೆ, “ಆದ್ರೆ ಇದು ಅವರ ಸ್ವರ ಅಲ್ಲ. ಇದು ರೋಗದ್ದು.”

ಫೋನ್ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು, ಒಡೆಯುವ ಮೊದಲು ಅವರ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಕೂತೆ. ಮಾತುಗಳು ನೆನಪಾಗುತ್ತವೆ, ಮುಖ ನೆನಪಾಗುತ್ತದೆ. ದನಿ ಬರಲಿಲ್ಲ.