ಕಲ್ಲೇಶಪ್ಪನಿಗೆ ವಕೀಲರನ್ನು ಹುಡುಕಿದ್ದು

ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರು ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುವ ಕೆಲಸ ನನ್ನದು. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ ಇಂಥವು. ಕೋರ್ಟಿನವರೆಲ್ಲ ಪರಿಚಯವಿರುವುದರಿಂದ "ಯಾವ ವಕೀಲರನ್ನ ಹಿಡಿಯೋದು ಜಯಣ್ಣ?" ಎಂದು ಕೇಳಿಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಜಮೀನಿನ ತಕರಾರಾದರೆ ಒಬ್ಬರ ಹೆಸರು, ಜೀವನಾಂಶದ ಕೇಸಾದರೆ ಇನ್ನೊಬ್ಬರ ಹೆಸರು ಹೇಳಿ ಕಳಿಸುತ್ತೇನೆ. ಆಮೇಲೆ ಮರೆತೂ ಬಿಡುತ್ತೇನೆ. ಮರೆಯಲಾಗದೆ ಉಳಿದದ್ದು ಕಲ್ಲೇಶಪ್ಪನ ವಿಷಯ ಒಂದೇ.

ಕಲ್ಲೇಶಪ್ಪ ಕತ್ತಲಗೆರೆಯವನು. ಹೆಂಡತಿಯ ಊರಾದ ನಮ್ಮ ಬಸವಾಪಟ್ಟಣಕ್ಕೆ ಬಂದು ನೆಲೆಸಿ ಹದಿನೈದು ವರ್ಷವಾಯಿತು. ಮೊದಲು ಲಾರಿ ಓಡಿಸುತ್ತಿದ್ದ. ಮಂಗಳೂರು, ಹುಬ್ಬಳ್ಳಿ ಎಂದು ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯಲ್ಲೇ ಕಳೆಯುತ್ತಿದ್ದ. ಅದು ಸಾಕೆನಿಸಿದ ಮೇಲೆ ಒಂದು ಹಳದಿ ವ್ಯಾನು ಕೊಂಡು, ನಮ್ಮೂರ ಮಕ್ಕಳನ್ನು ಚನ್ನಗಿರಿಯ ಶಾಲೆಗೆ ಕರೆದೊಯ್ಯುವ ಕೆಲಸ ಹಿಡಿದ. ಹದಿನಾಲ್ಕು ಮಕ್ಕಳು. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳವಾಗುತ್ತದೆ ಎಲ್ಲ ಅವನಿಗೆ ಗೊತ್ತು. ನನ್ನ ಮಗಳು ಪವಿತ್ರ ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಅವನ ವ್ಯಾನಿನಲ್ಲೇ ಹೋದವಳು. ಮೊದಲ ವಾರ ಅಳುತ್ತಿದ್ದವಳಿಗೆ ದಾರಿಯಲ್ಲಿ ಸಿಗುವ ಎಮ್ಮೆಗಳನ್ನು ಎಣಿಸಲು ಹಚ್ಚಿ ಅಳು ನಿಲ್ಲಿಸಿದ್ದ. "ಕಲ್ಲೇಶ್ ಮಾಮ ಬಂದ್ರು" ಎಂದರೆ ಸಾಕು, ತಿಂಡಿ ಅರ್ಧಕ್ಕೆ ಬಿಟ್ಟು ಓಡುತ್ತಿದ್ದಳು.

ಅವನು ಕುಡಿಯುತ್ತಾನೆಂದು ಊರಿನಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ವ್ಯಾನು ಹತ್ತುವವನು.

ಕಳೆದ ವರ್ಷ ಆಗಸ್ಟಿನ ಒಂದು ಭಾನುವಾರ ಹೊನ್ನಾಳಿಯಲ್ಲಿ ಅವನ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ಏಳೂವರೆಗೆ ಮಕ್ಕಳನ್ನು ಹತ್ತಿಸಿಕೊಂಡು ಹೊರಟ. ಚನ್ನಗಿರಿ ಊರೊಳಗೆ ಹೋಗುವಲ್ಲಿ ಅಂದು ಶಾಲೆ ವಾಹನಗಳ ತಪಾಸಣೆ ನಡೆಯುತ್ತಿತ್ತು. ಪೊಲೀಸರು ಪ್ರತಿ ಚಾಲಕನ ಬಾಯಿಗೂ ಯಂತ್ರ ಹಿಡಿದು ಊದಿಸುತ್ತಿದ್ದರು. ಕಲ್ಲೇಶಪ್ಪ ನಗುತ್ತಲೇ ಊದಿದನಂತೆ. ಮೂವತ್ತು ದಾಟಬಾರದ ಅಂಕಿ ಐವತ್ತೆಂಟು ತೋರಿಸಿತು. ಇನ್ನೊಮ್ಮೆ ಊದಿಸಿದರು. ಐವತ್ತಾರು. ಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಶಾಲೆಯವರು ಬೇರೆ ಗಾಡಿ ಕಳಿಸಿ ಮಕ್ಕಳನ್ನು ಕರೆಸಿಕೊಂಡರು. ಕಲ್ಲೇಶಪ್ಪನನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಸಿದರು. ಲೈಸೆನ್ಸು, ವ್ಯಾನು ಎರಡೂ ಠಾಣೆಯಲ್ಲಿ ಉಳಿದವು.

ಸಂಜೆ ಪವಿತ್ರ ನನ್ನನ್ನು ಕೇಳಿದಳು. "ಅಪ್ಪಾ, ಮಾಮ ಏನು ಊದಿದ್ದು? ಊದಿದ ಮೇಲೆ ಯಾಕೆ ಅಳ್ತಿದ್ರು?"

ನನ್ನ ಹೆಂಡತಿ ಆಶಾ ಅವಳನ್ನು ಒಳಗೆ ಕರೆದುಕೊಂಡು ಹೋದಳು. ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಿತ್ತು. ಏನೂ ಆಗಿರಲಿಲ್ಲ ನಿಜ. ಆಗಬಹುದಾಗಿದ್ದದ್ದು ಮಾತ್ರ ಕಣ್ಣ ಮುಂದೆಯೇ ನಿಂತಿತ್ತು. ಆ ದಾರಿಯ ಒಂದೊಂದು ತಿರುವೂ ನನಗೆ ಗೊತ್ತು.

ಎರಡು ದಿನ ಬಿಟ್ಟು ಅವನ ಹೆಂಡತಿ ಅನ್ನಪೂರ್ಣಮ್ಮ ನನ್ನ ಮೇಜಿನ ಮುಂದೆ ಬಂದು ನಿಂತರು. ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕಲ್ಲೇಶಪ್ಪ.

"ಜಯಣ್ಣಾರೆ, ಒಬ್ರು ಒಳ್ಳೆ ವಕೀಲರನ್ನ ತೋರಿಸ್ರಿ" ಎಂದರು.

ನಾನು ಅವರಿಗೆ ಉತ್ತರ ಕೊಡದೆ ಕಲ್ಲೇಶಪ್ಪನನ್ನು ಕೇಳಿದೆ. "ಕುಡಿದಿದ್ದೇನಪ್ಪ?"

"ಬೆಳಿಗ್ಗೆ ಒಂದು ಹನಿ ಮುಟ್ಟಿಲ್ಲ ಜಯಣ್ಣ. ದೇವರಾಣೆ" ಎಂದ. ಆಮೇಲೆ ನೆಲ ನೋಡುತ್ತ, "ಹಿಂದಿನ ರಾತ್ರಿ ಹೊನ್ನಾಳಿಯಾಗೆ ಬೀಗರ ಜೊತೆ ಕುಂತಿದ್ದೆ. ಮಲಗಿ ಎದ್ದ ಮೇಲೆ ಇಳಿದಿರ್ತೈತೆ ಅಂದ್ಕೊಂಡೆ" ಎಂದು ಸೇರಿಸಿದ.

ಇಲ್ಲಿಂದ ಹೋಗಿ ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅನ್ನಪೂರ್ಣಮ್ಮ ಕೈಯಲ್ಲಿ ಪೊಲೀಸರು ಕೊಟ್ಟ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗವಚಿಕೊಂಡು ನಿಂತಿದ್ದರು. ಮೇಜಿಗೆ ಬೀಗ ಹಾಕಿ ಅವರ ಜೊತೆ ಹೊರಟೆ. ಯಾಕೆ ಹೊರಟೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಮೊದಲು ಹೋದದ್ದು ವಿನೋದ್ ಎಂಬ ವಕೀಲರ ಆಫೀಸಿಗೆ. ವಯಸ್ಸು ನಲವತ್ತರ ಒಳಗೆ, ಓಡಾಟ ಜಾಸ್ತಿ, ಹೊರಗೆ ಸದಾ ಹತ್ತು ಜನ ಕಾಯುತ್ತಿರುತ್ತಾರೆ. ಫೋನಿನಲ್ಲಿ ಮಾತಾಡುತ್ತಲೇ ನಮ್ಮನ್ನು ಕೂರಿಸಿದರು. ನಾನು ಎರಡು ಮಾತಿನಲ್ಲಿ ವಿಷಯ ಹೇಳಿದೆ.

"ಇದೇನ್ರೀ, ಡ್ರಂಕ್ ಅಂಡ್ ಡ್ರೈವ್ ತಾನೆ? ಇಂಥವು ತಿಂಗಳಿಗೆ ಹತ್ತು ಮಾಡ್ತೀನಿ. ಬಿಡುಗಡೆ ಗ್ಯಾರಂಟಿ. ತಲೆ ಕೆಡಿಸ್ಕೊಬೇಡ್ರಿ, ವಕಾಲತ್ತಿಗೆ ಸಹಿ ಹಾಕಿ ಹೋಗ್ರಿ" ಎಂದರು.

ಮೂರು ದಿನದಿಂದ ಬಾಡಿದ್ದ ಕಲ್ಲೇಶಪ್ಪನ ಮುಖಕ್ಕೆ ಜೀವ ಬಂತು. ಪೆನ್ನಿಗಾಗಿ ಕೈ ಚಾಚಿದ. ಅನ್ನಪೂರ್ಣಮ್ಮ, "ನಾಳೆ ಬರ್ತೀವ್ರಿ ಸರ್" ಎಂದು ಎದ್ದುಬಿಟ್ಟರು. ಹೊರಗೆ ಬಂದ ಮೇಲೆ ಗಂಡ ಸಿಡುಕಿದ. "ಬಿಡಿಸ್ತೀನಿ ಅಂದ್ರಲ್ಲ, ಇನ್ನೇನು ಬೇಕಿತ್ತು ನಿನಗೆ?"

"ಕಾಗದ ಬಿಚ್ಚಿ ನೋಡ್ಲೇ ಇಲ್ಲಲ್ರೀ ಅವರು" ಎಂದರು ಅನ್ನಪೂರ್ಣಮ್ಮ.

ಕೋರ್ಟಿನ ವರಾಂಡದಲ್ಲಿ ಸಿಕ್ಕ ಹಿರಿಯ ವಕೀಲರೊಬ್ಬರು ಕಾಗದ ಬಿಚ್ಚಿಯೇ ನೋಡಿದರು. "ತಪ್ಪು ಒಪ್ಕೊಂಡು ದಂಡ ಕಟ್ಟಿ ಮನೆಗೆ ಹೋಗು. ಅರ್ಧ ಗಂಟೆ ಕೆಲಸ" ಎಂದರು. ಒಪ್ಪಿಕೊಂಡರೆ ಲೈಸೆನ್ಸಿನ ಗತಿ ಏನು ಎಂದು ನಾನು ಕೇಳಿದ್ದಕ್ಕೆ, "ಅದು ಜಡ್ಜಿಗೆ ಬಿಟ್ಟಿದ್ದು" ಎಂದು ಕರಿಕೋಟು ಸರಿಪಡಿಸಿಕೊಳ್ಳುತ್ತ ಒಳಗೆ ಹೋದರು.

ಆಗ ನನಗೆ ದುರ್ಗಾಂಬಿಕಾ ಅವರ ನೆನಪಾಯಿತು. ಐವತ್ತೈದು ದಾಟಿದ ಹೆಂಗಸು. ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ವಾಹನದ ಕೇಸುಗಳೇ. ಚಾಲಕರ ಪರವೂ ನಡೆಸಿದ್ದಾರೆ, ಅಪಘಾತದಲ್ಲಿ ಸತ್ತವರ ಮನೆಯವರ ಪರವೂ ನಡೆಸಿದ್ದಾರೆ. ಮಾತು ಕಡಿಮೆ. ಹಾಗಾಗಿ ಜನವೂ ಕಡಿಮೆ. ನಾನು ಅವರ ಹತ್ತಿರ ಹೆಚ್ಚು ಜನರನ್ನು ಕಳಿಸಿದವನಲ್ಲ. ಬಂದವರಿಗೆ ಬೇಕಾದದ್ದು ಧೈರ್ಯದ ಮಾತು. ಅದು ಅವರಲ್ಲಿ ಸಿಗುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಒಂದೊಂದಾಗಿ ಕೇಳತೊಡಗಿದರು. ಎಷ್ಟು ಸಲ ಊದಿಸಿದರು? ಎರಡರ ನಡುವೆ ಎಷ್ಟು ಹೊತ್ತು ಬಿಟ್ಟರು? ಯಂತ್ರದಿಂದ ಬಂದ ಚೀಟಿಗೆ ನೀನು ಸಹಿ ಹಾಕಿದ್ದೀಯಾ? ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ ಎಷ್ಟು ಗಂಟೆ? ಏನಾದರೂ ಔಷಧಿ ತಗೊಂಡಿದ್ದೆಯಾ? ಮೊದಲು ಯಾವತ್ತಾದರೂ ಕೇಸು ಆಗಿತ್ತಾ? ಉತ್ತರಗಳನ್ನೆಲ್ಲ ಬರೆದುಕೊಂಡರು. ಕೊನೆಗೆ ನಮ್ಮಿಬ್ಬರ ಕಡೆ ನೋಡಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಿಮ್ಮ ಎದುರಿಗೆ ಕೆಲವು ಮಾತು ಹೇಳಾಕೆ ಆಗಲ್ಲ ಇವರಿಗೆ" ಎಂದರು.

ಹೊರಗಿನ ಕಟ್ಟೆಯ ಮೇಲೆ ನಾನೂ ಅನ್ನಪೂರ್ಣಮ್ಮನೂ ಕೂತೆವು.

"ನನ್ನ ಮಗಳು ಆ ವ್ಯಾನಿನಲ್ಲಿದ್ದಳು" ಎಂದೆ ನಾನು. ತಡೆಯಲಾಗಲಿಲ್ಲ.

"ಗೊತ್ತು ಜಯಣ್ಣಾರೆ. ಅದಕ್ಕೇ ನಿಮ್ಮ ಹತ್ರ ಬಂದೆ."

ನನಗೆ ಅರ್ಥವಾಗಲಿಲ್ಲ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ಬೇರೆಯೋರನ್ನ ಕೇಳಿದ್ರೆ ಹೆಂಗಾದ್ರೂ ಮಾಡಿ ಬಿಡಿಸೋರನ್ನ ತೋರಿಸ್ತಾರೆ. ನಮ್ಮ ಅಣ್ಣನೂ ಅದನ್ನೇ ಹೇಳ್ದ. ಆದ್ರೆ ನಾಳೆ ಆ ಊರಾಗೇ ನಾವು ಇರಬೇಕಲ್ರೀ. ನಿಮ್ಮ ಮಗಳನ್ನ ಕೂರಿಸ್ಕೊಂಡು ಹಿಂಗೆ ಮಾಡಿದೋರಿಗೆ ನೀವೇ ಯಾವ ವಕೀಲರನ್ನ ತೋರಿಸ್ತೀರೋ ಅವರೇ ಸರಿ ಅಂತ ನಂಗೆ ಅನ್ನಿಸ್ತು."

ನನಗೆ ನಾಚಿಕೆಯಾಯಿತು. ಮೊದಲು ವಿನೋದರ ಹತ್ತಿರ ಕರೆದುಕೊಂಡು ಹೋದವನೂ ನಾನೇ ಅಲ್ಲವೇ? ಬೇಗ ಕೈತೊಳೆದುಕೊಳ್ಳಲು ಹೋಗಿದ್ದೆ.

ಹತ್ತು ದಿನದ ನಂತರ ದುರ್ಗಾಂಬಿಕಾ ನಮ್ಮನ್ನು ಕರೆಸಿದರು. ಅಷ್ಟರಲ್ಲಿ ದಾಖಲೆಗಳನ್ನೆಲ್ಲ ತರಿಸಿ ನೋಡಿದ್ದರು. ಯಂತ್ರದ ಪ್ರಮಾಣಪತ್ರ ಸರಿಯಾಗಿತ್ತು. ಎರಡು ಚೀಟಿಗಳಿದ್ದವು. ರಕ್ತವನ್ನು ಒಂದೂಕಾಲು ಗಂಟೆಯೊಳಗೆ ತೆಗೆದಿದ್ದರು, ಅದರ ವರದಿಯಲ್ಲೂ ಅಂಕಿ ಮೂವತ್ತು ದಾಟಿತ್ತು.

"ನೋಡು ಕಲ್ಲೇಶಪ್ಪ, ಪೊಲೀಸರ ಕಡೆ ತಪ್ಪು ಎಲ್ಲಾದರೂ ನಡೆದಿದ್ರೆ ನಾನು ಬಿಡ್ತಿರಲಿಲ್ಲ. ಹಿಡಿದು ಜಗ್ಗಾಡ್ತಿದ್ದೆ. ಇದರಾಗೆ ಏನೂ ಇಲ್ಲ. ಯಾವಾಗ ಕುಡಿದೆ ಅನ್ನೋದನ್ನ ಕಾನೂನು ಕೇಳಲ್ಲ, ಓಡಿಸುವಾಗ ರಕ್ತದಾಗೆ ಎಷ್ಟಿತ್ತು ಅನ್ನೋದನ್ನ ಕೇಳ್ತೈತೆ. ವಾಯ್ದೆ ಹಾಕಿಸ್ಕೊಂತ ಎರಡು ವರ್ಷ ಎಳೀಬಹುದು. ಕೊನೆಗೆ ಇದೇ ಆಗೋದು. ಒಪ್ಪಿಕೊಂಡರೆ ಲೈಸೆನ್ಸು ಕಡಿಮೆ ಅಂದ್ರೂ ಆರು ತಿಂಗಳು ಹೋಗ್ತೈತೆ. ಜೈಲಿಗೂ ಹಾಕಬಹುದು. ಅದು ಆಗದಂಗೆ ನಾನು ವಾದ ಮಾಡ್ತೀನಿ. ಗ್ಯಾರಂಟಿ ಕೊಡಲ್ಲ."

ಕಲ್ಲೇಶಪ್ಪ ಎದ್ದು ಹೋದ. ಮರುದಿನ ಮಧ್ಯಾಹ್ನ ನಾನು ಟೀ ಕುಡಿಯಲು ಹೋಗುವಾಗ ಅವನು ವಿನೋದರ ಆಫೀಸಿನ ಮುಂದೆ ಕಾಯುತ್ತ ನಿಂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ನಾನೂ ಕರೆಯಲಿಲ್ಲ. ಅನುಭವಸ್ಥರನ್ನು ತೋರಿಸಿದ್ದಾಯಿತು, ಇನ್ನು ಅವನ ಹಣೆಬರಹ ಎಂದುಕೊಂಡೆ.

ಮುಂದಿನದನ್ನು ಅವನೇ ಆಮೇಲೆ ನನಗೆ ಹೇಳಿದ. ವಿನೋದ್ ಅವನಿಗೊಂದು ದಾರಿ ಹೇಳಿಕೊಟ್ಟರಂತೆ. ಕೆಮ್ಮಿಗೆಂದು ಆ ಬೆಳಿಗ್ಗೆ ಹೆಂಡತಿ ಮದ್ಯದ ಅಂಶವಿರುವ ಆಯುರ್ವೇದದ ಅರಿಷ್ಟವನ್ನು ದೊಡ್ಡ ಲೋಟದ ತುಂಬ ಕುಡಿಸಿದಳು, ಅದರಿಂದಲೇ ಅಂಕಿ ಏರಿತು ಎನ್ನಬೇಕು. ಅನ್ನಪೂರ್ಣಮ್ಮ ಬಂದು ಸಾಕ್ಷಿ ಹೇಳಬೇಕು. ಆ ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಇದನ್ನು ತಿಳಿಸಿದ. ಅವರು ಸಿಟ್ಟಾಗಲಿಲ್ಲ. ರೊಟ್ಟಿ ಬಡಿಯುತ್ತಲೇ, "ಹೇಳು ಅಂದ್ರೆ ಹೇಳ್ತೀನ್ರೀ. ಅಲ್ಲಿಗೆ ಕುಡಿಸಿದೋಳು ನಾನಾದಂಗಾಯ್ತು. ಆ ಹದಿನಾಲ್ಕು ಮನೆ ತಾಯಂದಿರು ನನ್ನ ಕೇಳಿದ್ರೂ ಅದನ್ನೇ ಹೇಳಬೇಕಾ?" ಎಂದರು.

"ಬೈದಿದ್ರೆ ನಾನೂ ಬೈತಿದ್ದೆ ಜಯಣ್ಣ. ಹೇಳ್ತೀನಿ ಅಂದ್ಬಿಟ್ಟಳಲ್ಲ, ತಟ್ಟೆ ಸರಿಸಿ ಎದ್ಬಿಟ್ಟೆ" ಎಂದ. ಆ ಊಟದ ಮರುದಿನ ಬೆಳಿಗ್ಗೆ ಒಬ್ಬನೇ ಹೋಗಿ ದುರ್ಗಾಂಬಿಕಾ ಅವರ ವಕಾಲತ್ತಿಗೆ ಸಹಿ ಹಾಕಿದ.

ಅಕ್ಟೋಬರಿನಲ್ಲಿ ಕೇಸು ಬಂತು. ನಾನು ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನ್ಯಾಯಾಧೀಶರು ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು. "ಒಪ್ತೀನಿ ಸ್ವಾಮಿ" ಎಂದ ಕಲ್ಲೇಶಪ್ಪ. ದುರ್ಗಾಂಬಿಕಾ ಐದು ನಿಮಿಷವೂ ಮಾತಾಡಲಿಲ್ಲ. ಹನ್ನೊಂದು ವರ್ಷ ಒಂದು ದೂರೂ ಇಲ್ಲದೆ ಓಡಿಸಿದ್ದನ್ನು ಶಾಲೆಯ ಪತ್ರದ ಜೊತೆ ಇಟ್ಟರು. ಆ ದಿನದಿಂದ ಅವನು ಸ್ಟೇರಿಂಗ್ ಮುಟ್ಟಿಲ್ಲವೆಂದರು. ಆಮೇಲೆ ನಾನು ನಿರೀಕ್ಷಿಸದ ಒಂದು ಮಾತು ಹೇಳಿದರು. "ವಾಹನದಲ್ಲಿ ಮಕ್ಕಳಿದ್ದರು ಎಂಬುದನ್ನು ನನ್ನ ಕಕ್ಷಿದಾರರು ಮರೆಮಾಚುವುದಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ." ತಮ್ಮ ಕಡೆಯವನಿಗೆ ವಿರುದ್ಧವಾದ ಮಾತನ್ನು ವಕೀಲರೇ ಎತ್ತಿದ್ದು ಕಂಡು ನನಗೆ ಗಾಬರಿಯಾಯಿತು. ನ್ಯಾಯಾಧೀಶರು ಮಾತ್ರ ಬರೆಯುವುದನ್ನು ನಿಲ್ಲಿಸಿ ಕಲ್ಲೇಶಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. ಜೈಲು ಶಿಕ್ಷೆ ಕೊಡಲಿಲ್ಲ. ದಂಡ ಹಾಕಿ, ಎಂಟು ತಿಂಗಳು ಲೈಸೆನ್ಸು ಅಮಾನತ್ತಿನಲ್ಲಿಟ್ಟರು.

ಹೊರಗೆ ಬಂದ ಮೇಲೆ ನಾನು ದುರ್ಗಾಂಬಿಕಾ ಅವರನ್ನು ಕೇಳಿದೆ. "ಮೇಡಂ, ಮಕ್ಕಳ ವಿಷಯ ನೀವೇ ಯಾಕೆ ಎತ್ತಿದ್ರಿ?"

"ಆ ಕಾಗದದಾಗೆ ಮೊದಲನೇ ಸಾಲೇ ಅದು ಜಯಣ್ಣ. ಜಡ್ಜು ಓದದೇ ಇರ್ತಾರಾ? ನಾನು ಬಿಟ್ಟು ಮಾತಾಡಿದ್ರೆ ನನ್ನ ಉಳಿದ ಮಾತನ್ನೂ ಯಾರು ನಂಬ್ತಾರೆ?" ಎಂದು ಫೈಲು ಕಂಕುಳಲ್ಲಿಟ್ಟುಕೊಂಡು ಮುಂದಿನ ಕೇಸಿಗೆ ಹೊರಟರು.

ಆ ಎಂಟು ತಿಂಗಳು ಕಲ್ಲೇಶಪ್ಪ ಚನ್ನಗಿರಿಯ ಒಂದು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿದ. ಬಸ್ಸಿನಲ್ಲಿ ಓಡಾಡುತ್ತಿದ್ದ. ಶಾಲೆಯ ಮಕ್ಕಳು ಹತ್ತುವ ಬಸ್ಸು ಬಂದರೆ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದನೆಂದು ಪವಿತ್ರ ಹೇಳುತ್ತಿದ್ದಳು. ವಿನೋದರ ಆಫೀಸಿನ ಮುಂದೆ ಜನ ಈಗಲೂ ಕಡಿಮೆಯಾಗಿಲ್ಲ. ಅವರಿಂದ ಬಿಡುಗಡೆಯಾದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ.

ಈ ಜೂನ್‌ನಲ್ಲಿ ಶಾಲೆ ಶುರುವಾಗುವ ಹಿಂದಿನ ಭಾನುವಾರ ಅವನು ನಮ್ಮ ಮನೆಗೆ ಬಂದ. ಕರೆದರೂ ಒಳಗೆ ಬರದೆ ಜಗಲಿಯ ಮೇಲೆಯೇ ಕೂತ.

"ಲೈಸೆನ್ಸು ವಾಪಸ್ ಬಂತು. ಐದು ಮನೆಯೋರು ಕಳಿಸ್ತೀವಿ ಅಂದಾರೆ. ನಾಳೆಯಿಂದ ವ್ಯಾನು ತೆಗೀತೀನಿ" ಎಂದ. ಆಮೇಲೆ ಅವಸರವಾಗಿ, "ನಿಮ್ಮ ಮಗಳನ್ನ ಕಳಿಸ್ರಿ ಅಂತ ಕೇಳಾಕೆ ಬಂದಿಲ್ಲ ಜಯಣ್ಣ. ನಿಮಗೆ ಬೇರೆಯೋರ ಬಾಯಿಂದ ಗೊತ್ತಾಗಬಾರದು ಅಂತ ಬಂದೆ" ಎಂದು ಸೇರಿಸಿದ.

ನಾನು ಆಶಾಳ ಮುಖ ನೋಡಿದೆ. ಅವಳು ಕಾಫಿ ಲೋಟ ಅವನ ಮುಂದಿಟ್ಟು, "ಈ ವರ್ಷ ಬಸ್ಸಿನಾಗೇ ಹೋಗ್ಲಿ ಕಲ್ಲೇಶಣ್ಣ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸರಿ ಕಣಮ್ಮ" ಎಂದ ಕಲ್ಲೇಶಪ್ಪ. ಕಾಫಿ ಪೂರ್ತಿ ಕುಡಿದು, ಲೋಟವನ್ನು ತಾನೇ ನಲ್ಲಿಯ ಹತ್ತಿರ ಒಯ್ದು ತೊಳೆದಿಟ್ಟು, ಉಳಿದ ಎಂಟು ಮನೆಗಳಿಗೂ ಇದನ್ನೇ ಹೇಳಲು ಹೊರಟ.