ಹುಳಿಮೋರೆಯ ಮಗಳಿಗೆ ಎರಡನೇ ಪುಸ್ತಕ

ಹಲ್ಲಿನ ಡಾಕ್ಟರ ಪಕ್ಕ ನಿಂತು ರೋಗಿಯ ಬಾಯಿಂದ ಎಂಜಲು, ರಕ್ತ ಹೀರುವ ಕೊಳವೆ ಹಿಡಿಯುವುದು ಅವಳ ಕೆಲಸ. ಕೀವು ತುಂಬಿದ ಒಸಡು, ಕೊಳೆತ ದವಡೆ, ವಾರಗಟ್ಟಲೆ ಉಜ್ಜದ ಹಲ್ಲು, ಯಾವುದಕ್ಕೂ ಅವಳು ಮುಖ ತಿರುಗಿಸಿದವಳಲ್ಲ. ಆದರೆ ಯಾರಾದರೂ ನಾಟಕದ ಮಾತಾಡಿದರೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಮೂಗು ತಾನಾಗಿ ಮೇಲೇರುತ್ತಿತ್ತು, ತುಟಿ ಸೊಟ್ಟಗಾಗುತ್ತಿತ್ತು. ಚಿಕ್ಕವಳಿದ್ದಾಗಲೇ ಮನೆಯವರು ಹುಳಿಮೋರೆ ಅಂತ ಹೆಸರಿಟ್ಟಿದ್ದರು. ಮದುವೆಯಾದ ಮೇಲೂ ಅದು ಬೆನ್ನು ಬಿಡಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡನೂ ಸಲಿಗೆಯಿಂದ ಹಾಗೇ ಕರೆಯುತ್ತಿದ್ದ.

ಹತ್ತು ವರ್ಷದ ಮಗಳನ್ನು ಅವಳು ಶಾಲೆ ಬಿಡಿಸಿದ್ದು ಒಂದು ನಾಯಿಯ ದೆಸೆಯಿಂದ. ಅದೂ ಇಲ್ಲದ ನಾಯಿ. ಮಗು ಬೆಳಗಾದರೆ ಹೊಟ್ಟೆನೋವು ಅಂತ ಮುದುಡಿ ಕೂರುತ್ತಿತ್ತು. ಏನಾಗಿದೆ ನೋಡೋಣವೆಂದು ಒಂದು ದಿನ ಚೀಲ ತೆರೆದರೆ, 'ನನ್ನ ಸಾಕುನಾಯಿ' ಎಂಬ ಪ್ರಬಂಧ ಸಿಕ್ಕಿತು.

"ನಮ್ಮನೇಲಿ ನಾಯಿ ಎಲ್ಲಿದೆಯೇ?"

"ಇಲ್ಲ. ಟೀಚರ್ ಬೋರ್ಡ್ ಮೇಲೆ ಬರೆದಿದ್ದನ್ನ ಎಲ್ಲರೂ ಬರ್ಕೊಂಡ್ವಿ. ನಾನು ಮೊದ್ಲು, ನಮ್ಮನೇಲಿ ನಾಯಿ ಇಲ್ಲ, ಗೋಡೆ ಮೇಲೆ ಹಲ್ಲಿ ಇದೆ ಅಂತ ಬರೆದಿದ್ದೆ. ಹರಿದು ಹಾಕಿದ್ರು."

ಹುಳಿಮೋರೆಯ ಮೂಗು ಮೇಲೇರಿತು. ಇಡೀ ಕ್ಲಾಸಿನ ಮಕ್ಕಳೆಲ್ಲರ ಮನೆಯಲ್ಲೂ ಒಂದೇ ನಾಯಿ, ಅದೇ ಬಾಲ, ಅದೇ ನಿಷ್ಠೆ. ಗಂಡನ ಜೊತೆ ಮಾತಾಡಿ, ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದು, ಬೆಳಗಿನ ಹೊತ್ತು ತಾನೇ ಕಲಿಸಲು ಕೂತಳು.

ಲೆಕ್ಕ, ವಿಜ್ಞಾನ ಹೇಗೋ ಸಾಗಿದವು. ತೊಡಕಾದದ್ದು ಬರವಣಿಗೆ. ಮನೆಯಲ್ಲಿ ಕಲಿಯುವ ಮಕ್ಕಳಿಗೆಂದೇ ಒಂದರಿಂದ ಎಂಟರವರೆಗೆ ಮಟ್ಟದ ಪುಸ್ತಕಗಳಿವೆ ಎಂದು ತಿಳಿದು, ಮಗಳ ಕೈ ಹಿಡಿದು ಅವುಗಳನ್ನು ಮಾರುವ ಕೇಂದ್ರಕ್ಕೆ ಹೋದಳು. ಪ್ಲಾಸ್ಟಿಕ್ ಹೂವು, ಗಂಟಲಿಗೆ ಅಡರುವ ಸೆಂಟಿನ ವಾಸನೆ. ಸಲಹೆಗಾರ್ತಿ ಮಗುವಿಗೆ 'ನನ್ನ ಜೀವನದ ಗುರಿ' ಬರೆಯಲು ಹೇಳಿದಳು. ಮಗು ಪೆನ್ಸಿಲ್ ಕಚ್ಚಿ ಕಚ್ಚಿ ಒಂದು ಸಾಲು ಬರೆಯಿತು. ಸಲಹೆಗಾರ್ತಿ ಅದನ್ನು ಓದಲೂ ಇಲ್ಲ.

"ವಯಸ್ಸಿಗೆ ಐದನೇ ಮಟ್ಟ ಮೇಡಂ. ಕೆಳಗಿಂದು ಕೊಟ್ರೆ ಮಗೂನ ಆತ್ಮವಿಶ್ವಾಸ ಕುಗ್ಗುತ್ತೆ," ಎಂದು ಮಗುವಿನ ಗಲ್ಲ ಹಿಂಡಿದಳು.

ಈಯಮ್ಮನ ಸಕ್ಕರೆ ಮಾತಿಗಿಂತ ನಮ್ಮ ರೋಗಿಗಳ ಬಾಯಿ ವಾಸನೆ ವಾಸಿ ಅಂದುಕೊಂಡು ಹುಳಿಮೋರೆ ಬರಿಗೈಲಿ ಎದ್ದು ಬಂದಳು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸಂಜೆ ಗಂಡನ ಅಕ್ಕ ಫೋನ್ ಮಾಡಿದಳು.

"ಇನ್ನೂ ಯಾವ ಪುಸ್ತಕ ಅಂತ ಯೋಚಿಸ್ತಿದೀಯಾ? ನನ್ನ ಮಗ ಆಗ್ಲೇ ಆರು ಮುಗಿಸ್ತಾ ಇದಾನಲ್ಲೇ! ನಿಮ್ಮವಳು ಅವನ ವಾರಿಗೆಯವಳೇ ಅಲ್ವಾ?"

ಮೈ ಉರಿದುಹೋಯಿತು. ಮಾರನೇ ದಿನ ಅದೇ ಸೆಂಟಿನ ಕೋಣೆಗೆ ಹೋಗಿ ಐದನೇ ಪುಸ್ತಕ ತಂದಳು.

ಆ ಪುಸ್ತಕಕ್ಕೂ ಶಾಲೆಯ ಬೋರ್ಡಿಗೂ ಏನೂ ವ್ಯತ್ಯಾಸವಿರಲಿಲ್ಲ. ಪ್ರತಿ ವಾಕ್ಯಕ್ಕೂ ಅಲಂಕಾರ ಹಚ್ಚಬೇಕು, ಕೊನೆಗೊಂದು ನೀತಿ ಅಂಟಿಸಬೇಕು. ಮಗು ಮುಂಜಾವಿನ ಬಗ್ಗೆ ಬರೆದು ತಂದುಕೊಟ್ಟಿತು. 'ಹೊನ್ನಿನ ಚೆಂಡಿನಂತಹ ಸೂರ್ಯನು ಮುತ್ತಿನಂತಹ ಇಬ್ಬನಿಗೆ ಮುಗುಳ್ನಗೆ ಬೀರಿದನು.'

"ನೀನು ಯಾವತ್ತೇ ಸೂರ್ಯ ಹುಟ್ಟೋದನ್ನ ನೋಡಿದ್ದು? ಏಳೋದೇ ಎಂಟಕ್ಕೆ!"

"ಪುಸ್ತಕದಲ್ಲಿ ಹಾಗೇ ಇದೆಯಲ್ಲಮ್ಮಾ," ಎಂದ ಮಗು ಹೊಟ್ಟೆ ಹಿಡಿದುಕೊಂಡಿತು.

ಆ ಕೈ ಹೊಟ್ಟೆಗೆ ಹೋದದ್ದನ್ನು ನೋಡಿ ಹುಳಿಮೋರೆಗೆ ತನ್ನ ಮೇಲೇ ಹೇಸಿಗೆಯಾಯಿತು. ಅತ್ತಿಗೆಯ ಮುಂದೆ ತಲೆ ಎತ್ತಿಕೊಂಡು ಓಡಾಡಲು ಮಗಳ ಕೈಗೆ ಈ ಕಸ ಕೊಟ್ಟಿದ್ದಳು.

ಅದೇ ವಾರ ನಲ್ಲಿಯ ನೀರು ನಾರತೊಡಗಿತು. ಪೈಪಿನ ತುಕ್ಕು, ಸರಿಹೋಗುತ್ತೆ ಎನ್ನುತ್ತಿದ್ದ ಗಂಡ ಕೊನೆಗೆ ರಜೆಯ ದಿನ ಮಗಳನ್ನು ಕರೆದುಕೊಂಡು ಮಹಡಿ ಹತ್ತಿದ. ಸ್ವಲ್ಪ ಹೊತ್ತಿಗೆ ಮಗು ದಡದಡ ಇಳಿದು ಬಂದಿತು. ಹುಳಿಮೋರೆ ಆಗಷ್ಟೇ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದಳು.

"ಅಮ್ಮಾ, ಟ್ಯಾಂಕಲ್ಲಿ ಇಲಿ! ಮೊದ್ಲು ಅಪ್ಪ ಚಿಂದಿ ಬಟ್ಟೆ ಅಂದ್ಕೊಂಡ್ರು. ಕೋಲಲ್ಲಿ ಮುಟ್ಟಿದ್ರೆ ತಿರುಗ್ತು. ಹೊಟ್ಟೆ ಬಲೂನ್ ಥರ ಉಬ್ಬಿತ್ತು. ಬಾಲ ಹಿಡಿದು ಎತ್ತಿದ್ರು, ಬಾಲ ಮಾತ್ರ ಕೈಗೆ ಬಂತು! ಅಪ್ಪ ಕಿರುಚಿದ್ರು, ಆಮೇಲೆ ಕೆಮ್ಮಿದ ಹಾಗೆ ಮಾಡಿದ್ರು. ಕೂದಲೆಲ್ಲಾ ನೀರಲ್ಲಿ ಉದುರಿ..."

ಹುಳಿಮೋರೆ ಬಚ್ಚಲಿಗೆ ಬಾಗಿ ಕಕ್ಕಿದಳು. ಎಷ್ಟು ದಿನದಿಂದ ಅದೇ ನೀರು ಬಾಯಿಗೆ ಹೋಗಿತ್ತೋ! ಮುಖ ಒರೆಸಿಕೊಂಡು ಗೋಡೆಗೆ ಒರಗಿದಾಗ, ಮಗು ಹೇಳಿದ್ದೊಂದೊಂದೂ ಕಣ್ಣ ಮುಂದೆ ತೇಲುತ್ತಿತ್ತು. ಒಂದು ಮಾತು ಆಚೀಚೆ ಆಗಿರಲಿಲ್ಲ. ಕೆಮ್ಮಿದ ಗಂಡನನ್ನೂ ಬಿಟ್ಟಿರಲಿಲ್ಲ.

"ಇದನ್ನೇ ಬರಿ. ಈಗ ಹೇಳಿದ ಹಾಗೇ."

ಮಗು ತುಂಬಾ ಹೊತ್ತು ಕೂತು ಕೊಟ್ಟದ್ದು ಇಷ್ಟೇ: 'ಟ್ಯಾಂಕಿನಲ್ಲಿ ಇಲಿ ಇತ್ತು. ಅಪ್ಪ ತೆಗೆದರು.'

"ಉಳಿದಿದ್ದೆಲ್ಲಾ ಎಲ್ಲಿ ಹೋಯ್ತೇ?"

"ಬಾಯಲ್ಲೇ ಇದೆ. ಒತ್ತಕ್ಷರ ಯಾವ್ದು ಬರುತ್ತೆ ಅಂತ ಯೋಚ್ನೆ ಮಾಡೋಷ್ಟರಲ್ಲಿ ಇಲಿ ಓಡಿಹೋಗುತ್ತೆ."

"ಸತ್ತ ಇಲಿ ಹೇಗೆ ಓಡುತ್ತೇ?" ಎಂದು ನಕ್ಕಳಾದರೂ ವಿಷಯ ಹೊಳೆಯಿತು. ಇವಳ ಬಾಯಿ ಎಷ್ಟೋ ಮುಂದಿದೆ, ಕೈ ಮಾತ್ರ ಹಿಂದೆ ಉಳಿದಿದೆ. ಎರಡನ್ನೂ ಒಟ್ಟಿಗೆ ಎಳೆದದ್ದಕ್ಕೇ ಎರಡೂ ಕೂತುಬಿಟ್ಟಿವೆ.

ಕೇಂದ್ರಕ್ಕೆ ಮತ್ತೆ ಹೋಗಿ, ಈ ಸಲ ಸಲಹೆಗಾರ್ತಿಯ ಮಾತಿಗೆ ಕಿವಿಗೊಡದೆ ನೆಲದ ಮೇಲೆ ಕೂತು ಕೆಳಗಿನ ಮಟ್ಟದ ಪುಸ್ತಕಗಳನ್ನೆಲ್ಲ ತಿರುವಿದಳು. ಎರಡನೆಯದರಲ್ಲಿ ಅಲಂಕಾರದ ಕಾಟವಿರಲಿಲ್ಲ. ಮಗು ಹೇಳಬೇಕು, ದೊಡ್ಡವರು ಬರೆದುಕೊಳ್ಳಬೇಕು, ಅದರಲ್ಲಿ ಒಂದೆರಡು ಸಾಲನ್ನು ಮಗು ನೋಡಿ ಬರೆಯಬೇಕು.

"ಕೆಳಗಿಳಿಯೋರು ಯಾರೂ ಇಲ್ಲ ಮೇಡಂ," ಎಂದಳು ಸಲಹೆಗಾರ್ತಿ, ಕನಿಕರ ಸುರಿಸುತ್ತಾ.

"ನಾವಿದೀವಲ್ಲ," ಎಂದು ಪುಸ್ತಕ ಎತ್ತಿಕೊಂಡು ಬಂದಳು.

ಭಾನುವಾರ ಗಂಡನ ಅಕ್ಕ ಬಂದಳು. ಮೇಜಿನ ಮೇಲಿದ್ದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, "ಇಷ್ಟು ದೊಡ್ಡ ಹುಡುಗಿಗೆ ಎರಡಾ? ಅಯ್ಯೋ, ಹೊರಗೆ ಯಾರಿಗೂ ಹೇಳ್ಬೇಡ ಕಣೇ," ಅಂದಳು. ಮಗು ಮೆಲ್ಲಗೆ ಪುಸ್ತಕ ಇಸಿದುಕೊಂಡು ಅದರ ಮೇಲೇ ಕೂತುಬಿಟ್ಟಿತು.

ಅದನ್ನು ನೋಡಿ ಹುಳಿಮೋರೆ ಅತ್ತಿಗೆಯತ್ತ ತಿರುಗಿದಳು. "ಅತ್ತಿಗೆ, ಮಗೂನ ಮುಂದೆ ಇನ್ನೊಂದ್ಸಲ ಈ ಮಾತು ಆಡ್ಬೇಡಿ. ನಿಮ್ಮ ಮಾತು ಕೇಳಿದ್ರೆ ನನಗೆ ವಾಕರಿಕೆ ಬರುತ್ತೆ."

ಅತ್ತಿಗೆ ಚೀಲ ಹೆಗಲಿಗೇರಿಸಿ ಹೊರಟವಳು ತಿಂಗಳುಗಟ್ಟಲೆ ಇತ್ತ ತಲೆ ಹಾಕಲಿಲ್ಲ. "ಸ್ವಲ್ಪ ಮೆತ್ತಗೆ ಹೇಳಬಹುದಿತ್ತು," ಅಂದ ಗಂಡ. "ಬರಲ್ಲ ಕಣ್ರೀ," ಅಂದಳು.

ದಿನಾ ಬೆಳಿಗ್ಗೆ ಮಗು ಹೇಳುತ್ತಿತ್ತು, ತಾಯಿ ಬರೆಯುತ್ತಿದ್ದಳು. ಮಗು ನೋಡಿ ಬರೆಯುವ ಸಾಲು ಎರಡಿದ್ದದ್ದು ನಾಲ್ಕಾಯಿತು, ಆಮೇಲೆ ಅರ್ಧ ಪುಟ. ಹೊಟ್ಟೆನೋವಿನ ಸುದ್ದಿ ನಿಂತಿತು. ಮೂರನೇ ಪುಸ್ತಕದ ನಡುವಿಗೆ ಬಂದಾಗ ಒಂದು ದಿನ, "ನೀನು ಬರೀಬೇಡ, ನಾನೇ ಬರಿತೀನಿ," ಎಂದು ಮಗು ಕಾಗದ ಕಿತ್ತುಕೊಂಡಿತು.

ಅವತ್ತು ಬರೆದದ್ದು ಅಪ್ಪನ ಬಗ್ಗೆ. ಊಟಕ್ಕೆ ಕೂತ ಅಪ್ಪನ ಮುಂದೆ ತಂದಿಟ್ಟಿತು. ಆತ ಗಟ್ಟಿಯಾಗಿ ಓದತೊಡಗಿದ: 'ಅಪ್ಪನ ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗೆ ಕೂತಿರತ್ತೆ. ಅಪ್ಪ ಅನ್ನ ಕಲಸುವಾಗ ನಾನು ಬೇರೆ ಕಡೆ ನೋಡ್ತೀನಿ.'

ತಪ್ಪುಗಳಿದ್ದವು. ಒಂದು ಒತ್ತಕ್ಷರವಂತೂ ತಲೆಕೆಳಗಾಗಿತ್ತು. ಆತ ಕಾಗದವನ್ನು ಜೋಪಾನವಾಗಿ ಮಡಿಸಿಟ್ಟು, ಎದ್ದು ಕೈ ತೊಳೆಯಲು ಹೋದ.