ತಾತ ತಿಂದ ಬನ್ನು, ದೆಲ್ಫೀನಾಳ ಬಿಳಿ ಬಟ್ಟೆ

ನನ್ನ ಅಂಗಡಿಯ ಗೋಡೆಗುಂಟ ಒಂದು ಉದ್ದನೆಯ ಕಬ್ಬಿಣದ ಸಲಾಕೆ ಇದೆ. ಅದರ ತುಂಬ ಬಿಳಿ ಬಟ್ಟೆಗಳು ನೇತಾಡುತ್ತವೆ. ಅಳತೆ ಕೊಟ್ಟು, ನಾಳೆ ದುಡ್ಡು ತರುತ್ತೇನೆಂದು ಹೋಗಿ, ಆಮೇಲೆ ಎದುರಿನ ಫುಟ್‌ಪಾತಿನಲ್ಲಿ ಮುಖ ಮರೆಸಿಕೊಂಡು ಓಡಾಡುವವರ ಬಟ್ಟೆಗಳು ಅವು. ನಮ್ಮೂರು ಎಲ್ ಆಲ್ಟೋದ ನರ್ಸಿಂಗ್ ಶಾಲೆಯ ಎದುರು ಇಪ್ಪತ್ತೆರಡು ವರ್ಷದಿಂದ ಸಮವಸ್ತ್ರ ಹೊಲಿಯುತ್ತಿದ್ದೇನೆ. ಆ ಸಲಾಕೆಯನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ದುಡ್ಡು ಕೈಗೆ ಬರದೆ ಒಂದು ಗುಂಡಿಯೂ ಹೊಸಿಲು ದಾಟಬಾರದು ಎಂದು ನಿಯಮ ಮಾಡಿಕೊಂಡೆ. ದೋನ್ಯಾ ಇಲ್ದಾ, ಅಂದರೆ ಇಲ್ದಮ್ಮ, ಕಲ್ಲುಹೃದಯದವಳು ಎಂದು ಹುಡುಗಿಯರು ನನ್ನನ್ನು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ.

ದೆಲ್ಫೀನಾ ತಾರ್ಕಿ ನನಗೆ ಮೊದಲಿನಿಂದ ಗೊತ್ತಿದ್ದ ಹುಡುಗಿ. ಅವಳ ಅಮ್ಮ ಸಾತುಕಾ ನಮ್ಮ ಮೂಲೆಯಲ್ಲೇ ಬೆಳಗಿನ ಹೊತ್ತು ಆಪಿ ಎಂಬ ನೇರಳೆ ಜೋಳದ ಬಿಸಿ ಪಾನೀಯ ಮಾರುತ್ತಾಳೆ. ಮಗಳು ಲೋಟ ತೊಳೆದುಕೊಟ್ಟು ಮಧ್ಯಾಹ್ನ ಶಾಲೆಗೆ ಓಡುತ್ತಿದ್ದಳು. ಇಪ್ಪತ್ತಾರು ವರ್ಷ, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು. ಎರಡು ವರ್ಷದ ಪಾಠ ಮುಗಿದಿತ್ತು. ಇನ್ನು ಆರು ತಿಂಗಳು ಪಕ್ಕದ ನಗರ ಲಾ ಪಾಸ್‌ನ ಆಸ್ಪತ್ರೆಯಲ್ಲಿ ಕೆಲಸ ಕಲಿತರೆ ನರ್ಸು. ಆದರೆ ಆಸ್ಪತ್ರೆಗೆ ಹೋಗುವ ಮೊದಲು ಶಾಲೆಯ ಸಭಾಂಗಣದಲ್ಲಿ ತಲೆಗೆ ಟೋಪಿ ತೊಡಿಸಿಕೊಳ್ಳಬೇಕು. ಆ ವರ್ಷ ಅದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗಿತ್ತು. ಅಂದು ಪೂರ್ತಿ ಸಮವಸ್ತ್ರದಲ್ಲಿ ನಿಲ್ಲದವಳಿಗೆ ಟೋಪಿ ಇಲ್ಲ. ಅವಳ ಜಾಗ ಕಾದು ಕುಳಿತ ಇನ್ನೊಬ್ಬಳಿಗೆ ಹೋಗುತ್ತದೆ.

ದೆಲ್ಫೀನಾಳ ಪಾಲಿಗೆ ಮುಂದಿನ ವರ್ಷ ಎನ್ನುವುದು ಇರಲಿಲ್ಲ. ಗಡಿಯಾಚೆಯ ಸಾವೊ ಪಾವ್ಲೋದಲ್ಲಿ ಅವಳ ಸೋದರಮಾವ ಒಂದು ಹೊಲಿಗೆ ಕಾರ್ಖಾನೆಯಲ್ಲಿದ್ದಾನೆ. ಬಾಗಿಲು ಹಾಕಿಕೊಂಡು ಹದಿನಾಲ್ಕು ಗಂಟೆ ದುಡಿಸುವ ಜಾಗ ಅದು. ಶುಕ್ರವಾರ ಟೋಪಿ ಸಿಗದಿದ್ದರೆ ಸೋಮವಾರದ ಬಸ್ಸಿಗೆ ಅವಳು ಅಲ್ಲಿಗೆ ಹೊರಡುವುದೆಂದು ಮನೆಯಲ್ಲಿ ಮಾತಾಗಿ ಹೋಗಿತ್ತು. ಸಮವಸ್ತ್ರಕ್ಕೆಂದು ಕೂಡಿಟ್ಟಿದ್ದು ಸಾತುಕಾಳ ಪಿತ್ತಕೋಶದ ಆಪರೇಷನ್ನಿಗೆ ಖರ್ಚಾಗಿತ್ತು. ಅದಕ್ಕೆ ಯಾರನ್ನು ದೂರಲಾದೀತು?

ನಮ್ಮಲ್ಲಿ ಇಂಥ ಹೊರೆಯನ್ನು ಯಾರೂ ಒಬ್ಬರೇ ಹೊರುವುದಿಲ್ಲ. ಮದುವೆಯ ಉಂಗುರಕ್ಕೆ ಒಬ್ಬಳು ಮದ್ರೀನಾ, ಕೇಕಿಗೆ ಒಬ್ಬಳು, ವಾದ್ಯಕ್ಕೆ ಒಬ್ಬ ಪದ್ರೀನೋ. ಒಪ್ಪಿಕೊಂಡವರು ಆ ವಸ್ತುವನ್ನು ಕೊಡಬೇಕು, ಮತ್ತು ಅಂದಿನಿಂದ ಅವರು ಇನ್ನೊಬ್ಬ ತಾಯಿ, ಇನ್ನೊಬ್ಬ ತಂದೆ. ದೆಲ್ಫೀನಾ ಹಾಗೇ ಒಂದೊಂದನ್ನೂ ಹೊಂದಿಸಿದಳು. ಸೆಕೆಂಡಿನ ಮುಳ್ಳಿರುವ ಗಡಿಯಾರ ಚಿಕ್ಕಮ್ಮನದು, ಕತ್ತರಿ ಮತ್ತು ಥರ್ಮಾಮೀಟರು ಪಕ್ಕದ ಮನೆಯವರದು. ಶೂ ಗುರುವಾರದ ಸಂತೆಯಲ್ಲಿ ಸಿಕ್ಕ ಹಳೆಯದು, ಮೂರು ಸಲ ಬಿಳಿ ಬಣ್ಣ ಬಳಿದಿದ್ದಳು. ಬಿಪಿ ನೋಡುವ ಯಂತ್ರವನ್ನು ಗೆಳತಿಯೊಬ್ಬಳ ಜೊತೆ ಹಂಚಿಕೊಳ್ಳುವುದೆಂದಾಯಿತು. ಉಳಿದದ್ದು ಮುಖ್ಯವಾದದ್ದೇ, ಮೈಮೇಲಿನ ಬಿಳಿ ಬಟ್ಟೆ ಮತ್ತು ಟೋಪಿ. ಅವನ್ನು ಕೊಟ್ಟವರೇ ಶುಕ್ರವಾರ ವೇದಿಕೆ ಹತ್ತಿ ಅವಳ ತಲೆಗೆ ಟೋಪಿ ತೊಡಿಸಬೇಕು.

ಅದಕ್ಕೆ ಅವಳು ಅಮ್ಮನಿಗೂ ಹೇಳದೆ ದೋನ್ಯಾ ಬಾಸಿಲಿಯಾಳ ಮನೆಗೆ ಹೋದಳು. ಬಾಸಿಲಿಯಾ ಅವರದೇ ಹಳ್ಳಿಯವಳು, ಹೊದಿಕೆಗಳ ಸಗಟು ವ್ಯಾಪಾರಿ, ಐದಂತಸ್ತಿನ ಮನೆ, ಬಾಯಲ್ಲಿ ನಾಲ್ಕು ಚಿನ್ನದ ಹಲ್ಲು. ಸಂತೆಯಲ್ಲಿ ಕೂರುವ ಜಾಗದ ವಿಷಯಕ್ಕೆ ಸಾತುಕಾಳಿಗೂ ಅವಳಿಗೂ ಐದು ವರ್ಷದಿಂದ ಮಾತಿಲ್ಲ. ಆದರೂ ಕೇಳುವ ರೀತಿಯಲ್ಲಿ ಕೇಳಿದರೆ ಯಾರೂ ಸುಲಭಕ್ಕೆ ಇಲ್ಲವೆನ್ನುವುದಿಲ್ಲ. ಆ ರೀತಿ ಏನೆಂದರೆ, ಯಜಮಾನರು ಮನೆ ಬಿಡುವ ಮೊದಲೇ, ಬೆಳಕು ಹರಿಯುವಾಗ ಬುಟ್ಟಿ ಹೊತ್ತು ಬಾಗಿಲು ತಟ್ಟಬೇಕು. ಬುಟ್ಟಿಯಲ್ಲಿ ಬಿಸಿ ಬನ್ನು, ಒಂದು ಚಿಪ್ಪು ಬಾಳೆಹಣ್ಣು, ಎರಡು ಬಾಟಲಿ ಸೋಡಾ. ಅವರು ಬನ್ನು ಮುರಿದು ಬಾಯಿಗಿಟ್ಟರೆ ಒಪ್ಪಿದಂತೆ. ಮುಟ್ಟದೆ ಬಿಟ್ಟರೆ ಬುಟ್ಟಿ ಎತ್ತಿಕೊಂಡು ಸುಮ್ಮನೆ ಬರಬೇಕು. ತಿಂದ ಮೇಲೆ ಇಲ್ಲವೆನ್ನುವ ಹಾಗಿಲ್ಲ.

ಅಂದು ಬಾಸಿಲಿಯಾ ಸರಕು ತರಲು ಗಡಿಗೆ ಹೋಗಿದ್ದಳು. ಬಾಗಿಲು ತೆರೆದದ್ದು ಅವಳ ಮಾವ, ತಾತ ಮೆಲಿತೋನ್. ಎಂಬತ್ತು ದಾಟಿದ ಮುದುಕ, ಹಿಂದೆ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು. ಆ ದೊಡ್ಡ ಮನೆಯ ಕೆಳಗಿನ ಉಗ್ರಾಣದ ಪಕ್ಕದ ಕೋಣೆಯಲ್ಲಿ ಹೊದಿಕೆಗಳ ಕಟ್ಟು ಕಾಯುತ್ತಿದ್ದ. ದೆಲ್ಫೀನಾ ನಾಚಿಕೆಯಲ್ಲಿ ಅರ್ಧಂಬರ್ಧ ಹೇಳಿ ಬುಟ್ಟಿ ಕೆಳಗಿಟ್ಟಳು. ತಾತ ಅವಳನ್ನು ಒಳಗೆ ಕೂರಿಸಿ, ಕಾಫಿ ಕಾಯಿಸಿ, ಒಂದು ಬನ್ನು ಮುರಿದು ಅರ್ಧ ಅವಳಿಗೆ ಕೊಟ್ಟು ಅರ್ಧ ತಾನು ತಿಂದ. ಆಮೇಲೆ ಇನ್ನೆರಡು ತಿಂದ. ಮನೆಯ ಹಿರಿಯರು ತಿಂದರೆ ಮನೆಯೇ ತಿಂದಂತೆ ಎಂದು ಹುಡುಗಿ ಕುಣಿಯುತ್ತ ನನ್ನ ಅಂಗಡಿಗೆ ಬಂದಳು. ನಾನೂ ಹಾಗೇ ತಿಳಿದೆ. ಬಾಸಿಲಿಯಾಳಂಥ ಕುಳ ಇರುವಾಗ ಇನ್ನೇನು ಭಯವೆಂದು ಮುಂಗಡವನ್ನೂ ಕೇಳದೆ ಒಳ್ಳೆಯ ಬಟ್ಟೆಗೇ ಕತ್ತರಿ ಹಾಕಿದೆ. ತಪ್ಪು ಇಬ್ಬರದೂ.

ಬುಧವಾರ ಮಧ್ಯಾಹ್ನ ಬಾಸಿಲಿಯಾ ಅಂಗಡಿಗೆ ಬಂದಳು. ತಲೆಯ ಮೇಲಿನ ದುಂಡನೆಯ ಕರಿ ಟೋಪಿ ಸರಿಮಾಡಿಕೊಂಡು, ಕೂರು ಎಂದರೂ ಕೂರದೆ ನಿಂತಳು. ದೆಲ್ಫೀನಾ ಅಳತೆ ನೋಡಲು ಬಂದವಳು ಅಲ್ಲೇ ಇದ್ದಳು, ಒಂದು ತೋಳು ಇನ್ನೂ ಬಿಳಿ ಕೋಟಿನೊಳಗಿತ್ತು.

“ನಾನ್ಯಾವಾಗ ಒಪ್ಕೊಂಡೆ ದೋನ್ಯಾ ಇಲ್ದಾ?” ಎಂದಳು ಬಾಸಿಲಿಯಾ. “ಊರಲ್ಲೆಲ್ಲ ನನ್ನ ಹೆಸರು ಓಡಾಡ್ತಿದೆ. ಸಾತುಕಾನ ಮಗಳಿಗೆ ನಾನು ಬಟ್ಟೆ ಉಡಿಸ್ಬೇಕಾ? ಬನ್ನು ನನ್ನ ಬಾಯಿಗೆ ಬಿದ್ದಿಲ್ಲ. ತಿಂದೋರನ್ನ ಹೋಗಿ ಕೇಳಿ.”

ಹೇಳಿ ಹೊರಟೇ ಹೋದಳು. ದೆಲ್ಫೀನಾ ತೋಳನ್ನು ನಿಧಾನವಾಗಿ ಕೋಟಿನಿಂದ ಹೊರಗೆಳೆದುಕೊಂಡಳು. ಎಲ್ಲಿ ಹೊಲಿಗೆ ಬಿಟ್ಟೀತೋ ಎಂಬಷ್ಟು ಜೋಪಾನವಾಗಿ ಅದನ್ನು ಮೇಜಿನ ಮೇಲೆ ಮಡಿಸಿಟ್ಟಳು.

ಗುರುವಾರವಿಡೀ ಅವಳು ಓಡಾಡಿದಳು. ಇನ್ನೊಬ್ಬ ಮದ್ರೀನಾ ಹುಡುಕಲು ಹೋದರೆ, ಒಬ್ಬರು ಒಲ್ಲೆನೆಂದದ್ದಕ್ಕೆ ನಾವು ಎರಡನೆಯವರಾ ಎಂದು ಎರಡು ಮನೆಯವರು ಮುಖ ತಿರುಗಿಸಿದರಂತೆ. ಸುದ್ದಿ ಅಮ್ಮನಿಗೂ ಮುಟ್ಟಿತು. ನನ್ನ ವೈರಿಯ ಬಾಗಿಲಿಗೆ ಹೋಗಿ ಮಾನ ಕಳೆದೆ ಎಂದು ಸಾತುಕಾ ಬೀದಿಯಲ್ಲೇ ಬೈದು, ಆಮೇಲೆ ಆಪಿಯ ಪಾತ್ರೆಯ ಹಿಂದೆ ಕೂತು ಅತ್ತಳು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ದೆಲ್ಫೀನಾ ಮತ್ತೆ ಬಂದಳು.

“ಒಂದೇ ಒಂದು ಗಂಟೆ ಕೊಡಿ ದೋನ್ಯಾ ಇಲ್ದಾ. ಟೋಪಿ ಹಾಕಿಸ್ಕೊಂಡು ತಕ್ಷಣ ವಾಪಸ್ ತಂದುಕೊಡ್ತೀನಿ.”

“ಸೋಮವಾರ ಆಸ್ಪತ್ರೆಗೆ ಏನು ಹಾಕ್ಕೊಂಡು ಹೋಗ್ತೀಯ?”

ನಾನು ಸಲಾಕೆಯ ಕಡೆ ಕೈ ತೋರಿಸಿದೆ. ಇವರೆಲ್ಲ ಒಂದೊಂದು ಗಂಟೆ ಕೇಳಿದವರೇ, ಎಂದೆ. ಅದು ಸುಳ್ಳು. ಅಷ್ಟು ಕಡಿಮೆ ಕೇಳಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ನಾನೇ ಮದ್ರೀನಾ ಆಗಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗಬಹುದಿತ್ತು. ಒಬ್ಬಳಿಗೆ ಆದರೆ ನಾಳೆ ಇಡೀ ಶಾಲೆ ಬುಟ್ಟಿ ಹೊತ್ತು ಬರುತ್ತದೆ ಎಂದು ಹೆದರಿದೆ. ಅವಳು ಹೋದ ಮೇಲೆ ಆ ಬಟ್ಟೆಯನ್ನು ಸಲಾಕೆಗೆ, ಎಲ್ಲಕ್ಕಿಂತ ಕೊನೆಗೆ, ನೇತುಹಾಕಿದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲೆತ್ತಿದಾಗ ತಾತ ಮೆಲಿತೋನ್ ಮೆಟ್ಟಿಲ ಮೇಲೆ ಕೂತಿದ್ದ. ಬೆನ್ನಿಗೆ ಬಣ್ಣದ ಪಟ್ಟೆಯ ಬಟ್ಟೆಯಲ್ಲಿ ಕಟ್ಟಿದ ಗಂಟು. ರಸ್ತೆತಡೆ ಚಳವಳಿಯಿಂದ ವ್ಯಾನುಗಳು ನಿಂತಿದ್ದವು, ಆ ಚಳಿಗಾಳಿಯಲ್ಲಿ ನಡೆದೇ ಬಂದಿದ್ದ. ಸೊಸೆ ಒಲ್ಲೆನೆಂದ ಸುದ್ದಿ ರಾತ್ರಿಯಷ್ಟೇ ಅವನ ಕಿವಿಗೆ ಬಿದ್ದಿತ್ತಂತೆ. ಒಳಗೆ ಕರೆದು ಕೂರಿಸಿದೆ. ಗಂಟು ಬಿಚ್ಚಿದ. ನುಸಿಗುಳಿಗೆಯ ವಾಸನೆ ಅಂಗಡಿಯಿಡೀ ಹರಡಿತು. ಒಳಗಿದ್ದದ್ದು ಕಪ್ಪು ಉಣ್ಣೆಯ ಸೂಟು, ಒಂದು ದಿನವೂ ಮೈಗೆ ಹಾಕದ್ದು. ನೋಡಿದೊಡನೆ ಅದು ಏನೆಂದು ನನಗೆ ಗೊತ್ತಾಯಿತು. ನಮ್ಮ ಮುದುಕರು ಹೂಳಿಸಿಕೊಳ್ಳುವ ದಿನಕ್ಕೆಂದು ಒಂದು ಜೊತೆ ಬಟ್ಟೆ ಎತ್ತಿಟ್ಟಿರುತ್ತಾರೆ. ಮೂಟೆ ಹೊತ್ತ ಕೊನೆಯ ವರ್ಷದ ಸಂಪಾದನೆಯಲ್ಲಿ ಹೊಲಿಸಿದ್ದಂತೆ. ಸತ್ತ ಮೇಲೆ ಸೊಸೆಯ ಕೈಲಿ ಮಾತು ಕೇಳಬಾರದು ಎಂದು.

“ಇದನ್ನ ಇಟ್ಕೊಂಡು ಆ ಮಗೂಗೆ ಬಟ್ಟೆ ಕೊಡು ತಾಯಿ,” ಎಂದ. “ಬನ್ನು ತಿಂದೋನು ನಾನು.”

“ತಾತ, ಇದು ನಿಮ್ಮ ಕೊನೇ ಬಟ್ಟೆ.”

“ನನ್ನ ಬಟ್ಟೆಗೆ ಅವಸರ ಇಲ್ಲ. ಅವಳದಕ್ಕೆ ಹತ್ತು ಗಂಟೆ ಅಂತೆ.”

ಅಳುತ್ತ ಕೂರುವಷ್ಟು ಹೊತ್ತಿರಲಿಲ್ಲ. ತಾತ ತೊಟ್ಟಿದ್ದ ಸ್ವೆಟರಿಗೆ ಮೊಣಕೈಯಲ್ಲಿ ತೂತು. ಟೋಪಿ ತೊಡಿಸುವ ಪದ್ರೀನೋ ಆ ವೇಷದಲ್ಲಿ ವೇದಿಕೆ ಹತ್ತಿದರೆ ಹುಡುಗಿಯರು ನಗುತ್ತಾರೆ, ಹೆಡ್ ನರ್ಸು ಬಾಗಿಲಲ್ಲೇ ತಡೆಯುತ್ತಾಳೆ. ಮೊದಲು ಇದನ್ನು ನೀವೇ ಹಾಕಿಕೊಳ್ಳಿ, ಅಡ ಇಡುವುದು ಆಮೇಲೆ ಎಂದು ಪರದೆಯ ಹಿಂದೆ ಕಳಿಸಿದೆ. ಸಾವಿನ ಬಟ್ಟೆಯನ್ನು ಬದುಕಿದ್ದಾಗ ಹಾಕಬಾರದೆಂದು ಅವನು ಗೊಣಗಿದ್ದು ಕೇಳಿಸಿತು. ಹಾಕಿಕೊಂಡು ಬಂದಾಗ ಪ್ಯಾಂಟು ನೆಲ ಗುಡಿಸುತ್ತಿತ್ತು. ಹೊಲಿಸಿದ ಮೇಲೆ ತಾತ ಅಷ್ಟು ಕುಗ್ಗಿದ್ದ. ಹೆಮ್ಮಿಂಗ್ ಮಾಡಲು ಸಮಯವಿಲ್ಲ. ಮೊಣಕಾಲೂರಿ ಎರಡೂ ಕಾಲಿನ ಅಂಚು ಒಳಗೆ ಮಡಿಸಿ, ನಾಲ್ಕು ನಾಲ್ಕು ಗುಂಡುಪಿನ್ನು ಚುಚ್ಚಿದೆ. ಆಮೇಲೆ ಸರಿಯಾಗಿ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟೆ.

ಸಾತುಕಾಳ ಮನೆಗೆ ಓಡಿದರೆ ಬೀಗ. ಮಗಳು ಬಿಪಿ ಯಂತ್ರವನ್ನು ಗೆಳತಿಗೆ ಹಿಂದಿರುಗಿಸಲು ಶಾಲೆಗೆ ಹೋದಳು, ಅಮ್ಮನೂ ಹಿಂದೆಯೇ ಹೋದಳು ಎಂದರು ಅಕ್ಕಪಕ್ಕದವರು. ಅಲ್ಲಿಂದ ಮತ್ತೆ ಶಾಲೆಗೆ. ತಾತನಿಗೆ ಹತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತಿತ್ತು. ಒಂದು ಕೈಯಲ್ಲಿ ಬಿಳಿ ಬಟ್ಟೆ ಎತ್ತಿ ಹಿಡಿದು ಇನ್ನೊಂದರಲ್ಲಿ ಅವನನ್ನು ಎಳೆದುಕೊಂಡು ನಾನು ಗಡಿಯಾರ ನೋಡುತ್ತಿದ್ದೆ. ಸಭಾಂಗಣ ಮುಟ್ಟಿದಾಗ ಹತ್ತು ಇಪ್ಪತ್ತು. ಹೆಸರು ಕೂಗುವುದು ಆಗಲೇ ಶುರುವಾಗಿ ‘ಎಂ’ ದಾಟಿ ‘ಪಿ’ಗೆ ಬಂದಿತ್ತು. ತಾರ್ಕಿ ಎಂಬ ಹೆಸರು ಪಟ್ಟಿಯ ತುದಿಯಲ್ಲಿದ್ದುದೇ ನಮ್ಮ ಪುಣ್ಯ. ದೆಲ್ಫೀನಾ ಕೊನೆಯ ಸಾಲಿನಲ್ಲಿ ಮನೆಯ ಸ್ವೆಟರಿನಲ್ಲೇ ಕೂತಿದ್ದಳು. ನಾನು ಅವಳ ತೋಳು ಹಿಡಿದು ಶೌಚಾಲಯಕ್ಕೆ ಎಳೆದುಕೊಂಡು ಹೋದೆ. ಸಾತುಕಾ ಗುಂಡಿ ಹಾಕಿದಳು, ನಾನು ಕಾಲರು ಎಳೆದೆ. ಯಾರು, ಯಾರು ಕೊಟ್ಟಿದ್ದು ಎಂದು ದೆಲ್ಫೀನಾ ಕೇಳುತ್ತಲೇ ಇದ್ದಳು.

ಹೊರಗೆ ಬಂದಾಗ ಅವಳ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದರು. ಮೂರನೆಯ ಸಲ ಕೂಗುವುದಿಲ್ಲ. ಹೆಸರು ಹೊಡೆದುಹಾಕಲು ಹೆಡ್ ನರ್ಸು ಪೆನ್ನು ಎತ್ತಿಕೊಂಡಿದ್ದಳು. ಇಲ್ಲಿದ್ದಾಳೆ ಎಂದು ನಾನು ಕೂಗಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿರಬೇಕು. ತಾತ ವೇದಿಕೆಯ ಮೂರು ಮೆಟ್ಟಿಲು ಹತ್ತಿದ, ದೆಲ್ಫೀನಾ ಅವನನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಆಮೇಲೆ ಅವನ ಕೈಗೆ ಎಟುಕಲೆಂದು ಮಂಡಿಯೂರಿದಳು. ಮೂಟೆ ಹೊತ್ತ ಆ ದಪ್ಪ ಬೆರಳುಗಳಿಗೆ ಟೋಪಿಯ ಸಣ್ಣ ಪಿನ್ನು ಹಿಡಿಸಲಿಲ್ಲ. ಎರಡು ಸಲ ಜಾರಿ ಬಿತ್ತು. ಸಾತುಕಾ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಮೂರನೆಯ ಸಲ ಪಿನ್ನು ನಿಂತಿತು.

ಟೋಪಿ ತೊಡಿಸಿದವರು ನಾಲ್ಕು ಹಿತವಚನ ಹೇಳಬೇಕು. ಅಲ್ಲಿಯವರೆಗೆ ಬಂದವರೆಲ್ಲ ಸೇವೆ, ತ್ಯಾಗ ಎಂದು ಉದ್ದುದ್ದ ಮಾತಾಡಿದ್ದರು. ತಾತನ ಮುಂದೆ ಮೈಕು ಹಿಡಿದರು.

“ಬನ್ನು ಬಿಸಿಯಾಗಿತ್ತು ಮಗಳೇ,” ಎಂದ. “ನನ್ನ ಬಾಗಿಲಿಗೆ ಯಾರಾದ್ರೂ ಬುಟ್ಟಿ ತಂದು ಬಹಳ ವರ್ಷ ಆಗಿತ್ತು.”

ಅಷ್ಟೇ. ಇಳಿದು ಬಂದ.

ಸೂಟನ್ನು ನಾನು ಇಟ್ಟುಕೊಂಡೆ. ಮುಚ್ಚಿಡುವುದೇಕೆ, ನಿಯಮ ನಿಯಮವೇ ಎಂದುಕೊಂಡೆ. ಸಲಾಕೆಯ ಬಿಳಿ ಬಟ್ಟೆಗಳ ನಡುವೆ ಅದೊಂದು ಕಪ್ಪಗೆ ನೇತಾಡಿತು. ಒಂಬತ್ತು ತಿಂಗಳ ಮೇಲೆ ದೆಲ್ಫೀನಾ ಮೊದಲ ಸಂಬಳ ತಂದು ಮೇಜಿನ ಮೇಲಿಟ್ಟು, ಸೂಟನ್ನು ತಾನೇ ಮಡಿಸಿಕೊಂಡು ತಾತನಿಗೆ ತಲುಪಿಸಿದಳು. ಆಮೇಲೆ ಆರು ವರ್ಷ, ಪ್ರತಿ ಭಾನುವಾರ ಬಿಸಿ ಬನ್ನು ತೆಗೆದುಕೊಂಡು ಉಗ್ರಾಣದ ಪಕ್ಕದ ಆ ಕೋಣೆಗೆ ಹೋಗಿ ಅವನ ಬಿಪಿ ನೋಡಿ ಬರುತ್ತಿದ್ದಳು. ಬಾಸಿಲಿಯಾ ಮೊದಮೊದಲು ಬಾಗಿಲು ತೆರೆಯಲು ತಡಮಾಡುತ್ತಿದ್ದಳಂತೆ. ಕೊನೆಕೊನೆಗೆ ತನ್ನ ತೋಳನ್ನೂ ಚಾಚುತ್ತಿದ್ದಳಂತೆ.

ಕಳೆದ ಆಗಸ್ಟಿನಲ್ಲಿ ತಾತ ಹೋದ. ಮೈ ತೊಳೆಯಲು ದೆಲ್ಫೀನಾಳನ್ನೇ ಕರೆದಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಅವಳ ಫೋನು ಬಂತು.

“ಸೂಜಿ ದಾರ ತಗೊಂಡು ಬನ್ನಿ ದೋನ್ಯಾ ಇಲ್ದಾ. ಪ್ಯಾಂಟಿನಲ್ಲಿ ನಿಮ್ಮ ಪಿನ್ನು ಹಾಗೇ ಇವೆ.”

ಎಂಟಕ್ಕೆ ಎಂಟೂ ಇದ್ದವು, ತುಕ್ಕು ಹಿಡಿದಿದ್ದವು. ಒಂಬತ್ತು ತಿಂಗಳು ಕಣ್ಣೆದುರೇ ತೂಗುತ್ತಿದ್ದರೂ ನಾನು ಕೊಟ್ಟ ಮಾತು ನನಗೆ ನೆನಪಾಗಿರಲಿಲ್ಲ. ತಾತ ಒಂದು ದಿನವೂ ಕೇಳಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಎರಡೂ ಕಾಲಿನ ಅಂಚನ್ನು ಹತ್ತಿರ ಹತ್ತಿರ ಹೊಲಿಗೆ ಹಾಕಿ ಹೊಲಿದೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಿದ್ದಾಗ ದೆಲ್ಫೀನಾ ಪೋಣಿಸಿಕೊಟ್ಟಳು. ಡ್ಯೂಟಿಯಿಂದ ನೇರವಾಗಿ ಬಂದಿದ್ದಳು, ಬಿಳಿ ಬಟ್ಟೆಯಲ್ಲೇ ಇದ್ದಳು.